ಬೊಂಬೆಗಳ ಮೇಲಣ ಲೋಹವರ್ಣ: ಲಾಜವಾರ ವಿಧಾನವನ್ನು ಕುರಿತ ಇತಿಹಾಸ ವಿಚಾರ

ಕರ್ಣಾಟಕದ ವರ್ಣಕಲೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಗೋಡೆಯನ್ನು ನೋಡುತ್ತಾರೆ, ಪಟವನ್ನು ನೋಡುತ್ತಾರೆ, ಬೊಂಬೆಯನ್ನು ನೋಡುವುದಿಲ್ಲ. ಬಾದಾಮಿಯ ಗುಹೆಯಲ್ಲುಳಿದ ವರ್ಣಲೇಪದ ತುಣುಕುಗಳು, ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿ, ಚಿನ್ನದ ರೇಕು ಹಚ್ಚಿದ ಮೈಸೂರಿನ ಪಟಗಳು, ಇವುಗಳ ವಿಷಯದಲ್ಲಿ ಚರ್ಚೆ ಸಾಕಷ್ಟು ನಡೆದಿದೆ. ಗೇಣುದ್ದದ ಮರದ ಗೌರಿಯ ಕೊರಳಿನ ಸರ ಹೊನ್ನಿನಂತೆ ಹೊಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಇತಿಹಾಸದ ವಿದ್ಯಾರ್ಥಿಗಳು ಕೈಗೆತ್ತಿಕೊಂಡುದು ಕಡಿಮೆ. ಅದು ಕಸುಬುದಾರರ ಗುಟ್ಟು, ವಿದ್ವತ್ತಿನ ವಿಷಯವಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಯಿಂದ ಆಗುವ ನಷ್ಟವೇನೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇವೆ.

ಈ ವಿಷಯದ ಕಡೆಗೆ ನಮ್ಮ ಗಮನ ಹರಿದುದು ಒಂದು ಅಚಾತುರ್ಯದ ಮೂಲಕ. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ನವರಾತ್ರಿಗೆ ಕೂರಿಸುವ ಹಳೆಯ ಮರದ ಬೊಂಬೆಯೊಂದಿತ್ತು. ಅದರ ಕಿರೀಟವೂ ಒಡವೆಗಳೂ ಹೊಗೆ ಹಿಡಿದ ಹೊನ್ನಿನ ಬಣ್ಣದವು. ಮನೆಯ ತರುಣರು ಹಬ್ಬಕ್ಕೆ ಮುಂಚೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರು. ಹತ್ತಿಗೆ ಕಂದು ಹಳದಿಯ ಬಣ್ಣ ಹತ್ತಿತು. ಕಿರೀಟ ಬೆಳ್ಳಗೆ ಥಳಥಳಿಸತೊಡಗಿತು. 'ಇದು ಮೂಲದಲ್ಲಿ ಬೆಳ್ಳಿಯ ಕೆಲಸ, ಹಿಂದೆ ಯಾರೋ ಅಗ್ಗದ ಹಳದಿಯನ್ನು ಬಳಿದು ಕೆಡಿಸಿದ್ದರು' ಎಂದು ನಿರ್ಣಯಿಸಿ ಅವರು ಹಿಗ್ಗಿದರು. ಸತ್ಯವನ್ನು ಮರೆಮಾಚುವುದೇಕೆ? ಆ ನಿರ್ಣಯಕ್ಕೆ ಆಗ ನಾವೂ ತಲೆದೂಗಿದೆವು. ವಿಚಾರಿಸಿ ನೋಡಿದ ಮೇಲೆ ತಿಳಿದುಬಂದುದು ಇದು: ಬೊಂಬೆಯಲ್ಲಿ ಬೆಳ್ಳಿ ಎಂದೂ ಇರಲಿಲ್ಲ, ಒರೆಸಿ ತೆಗೆದುದು ಕೊಳೆಯೂ ಅಲ್ಲ. ಕುಶಲಿಯು ಉದ್ದೇಶಪೂರ್ವಕವಾಗಿ ರಚಿಸಿದ್ದ ಹೊನ್ನೇ ಹತ್ತಿಯ ಪಾಲಾಯಿತು.

ಇದರ ರಹಸ್ಯ ಎರಡು ಪದರಗಳಲ್ಲಿದೆ. ಕೆಳಗೆ ಬೆಳ್ಳಗೆ ಹೊಳೆಯುವ ಲೋಹ, ಮೇಲೆ ಬೆಳಕು ತೂರುವ ಬಣ್ಣ. ಹಳದಿಯ ಪಾರದರ್ಶಕ ಲೇಪದ ಮೇಲೆ ಬಿದ್ದ ಬೆಳಕು ಲೇಪವನ್ನು ದಾಟಿ ಲೋಹವನ್ನು ಮುಟ್ಟಿ, ಅಲ್ಲಿಂದ ಪ್ರತಿಫಲಿಸಿ ಅದೇ ಲೇಪದ ಮೂಲಕ ಹಿಂದಿರುಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ನೀಲಿ ಮತ್ತು ನೇರಿಳೆಯ ಅಂಶಗಳು ಹೀರಲ್ಪಡುತ್ತವೆ. ನಿಜವಾದ ಚಿನ್ನ ಹಳದಿಯಾಗಿ ಕಾಣುವುದಕ್ಕೂ ಕಾರಣ ಅದು ನೀಲಿಯ ಕಡೆಯ ಬೆಳಕನ್ನು ಹೀರಿಕೊಳ್ಳುವುದೇ. ಆದುದರಿಂದ ಹಳದಿ ಮೆರುಗೆಣ್ಣೆಯ ಕೆಳಗಿನ ತವರವು ಕಣ್ಣಿಗೆ ಚಿನ್ನದ ನೆರೆಯವನಾಗುತ್ತದೆ. ಅದೇ ಹಳದಿಯನ್ನು ಅದೇ ಲೋಹದ ಪುಡಿಯೊಡನೆ ಒಂದೇ ಬಟ್ಟಲಿನಲ್ಲಿ ಕಲಸಿ ಹಚ್ಚಿದರೆ ಕೆಸರಿನ ಬಣ್ಣವಲ್ಲದೆ ಬೇರೇನೂ ದೊರೆಯುವುದಿಲ್ಲ. ದ್ರವ್ಯಗಳು ಎರಡೂ ಕಡೆ ಒಂದೇ, ವ್ಯತ್ಯಾಸವೆಲ್ಲ ಅನುಕ್ರಮದಲ್ಲಿ.

ನಮ್ಮ ನಾಡಿನಲ್ಲಿ ತವರದ ಈ ಕೆಲಸಕ್ಕೆ ಹೆಸರಾದುದು ಕೊಪ್ಪಳದ ಸಮೀಪದ ಕಿನ್ನಾಳ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದಿಗೆ ಸೇರಿದ್ದ ಈ ಗ್ರಾಮ ಬಳಿಕ ರಾಯಚೂರು ಜಿಲ್ಲೆಯಲ್ಲಿದ್ದು, 1997ರಿಂದ ಕೊಪ್ಪಳ ಜಿಲ್ಲೆಯಲ್ಲಿದೆ. ಇಲ್ಲಿನ ಚಿತ್ರಗಾರ ಮನೆತನದವರು ಹಂಪೆಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳನ್ನು ತಮ್ಮ ಪೂರ್ವಿಕರು ಬರೆದರೆಂದು ಹೇಳಿಕೊಂಡು ಬಂದಿದ್ದಾರೆ. ಆ ಚಿತ್ರಗಳ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದಕಾರಣ ಐತಿಹ್ಯವನ್ನು ಐತಿಹ್ಯವಾಗಿಯೇ ಇಟ್ಟುಕೊಳ್ಳುವುದು ಲೇಸು. ಹಗುರವಾದ ಮರದಲ್ಲಿ ಭಾಗಭಾಗವಾಗಿ ಕೆತ್ತಿ, ಹುಣಿಸೆಬೀಜದ ಸರಿಯಿಂದ ಜೋಡಿಸಿ, ಮರದ ಹೊಟ್ಟು ಹಾಗೂ ನೆನೆಸಿ ಪುಡಿಮಾಡಿದ ಸೆಣಬಿನ ಚಿಂದಿಯನ್ನು ಅದೇ ಸರಿಯೊಡನೆ ಕಲಸಿದ 'ಕಿಟ್ಟ'ವನ್ನು ಮೈಗೆಲ್ಲ ಮೆತ್ತುವುದು ಇವರ ಪದ್ಧತಿ. ಅದರ ಮೇಲೆ ಬಟ್ಟೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿ ಮತ್ತು ಅಂಟಿನ ಲೇಪವನ್ನು ಕೊಡುತ್ತಾರೆ. ಒಡವೆಗಳ ಉಬ್ಬನ್ನು ಎಬ್ಬಿಸುವುದೂ ಇದೇ ಲೇಪದಿಂದ. ಬಳಿಕ ಬರುವುದು ಲಾಜವಾರ. ತವರದ ಚೂರುಗಳನ್ನು ಕುಟ್ಟಿ ನುಣ್ಣಗೆ ಮಾಡಿ, ಅಂಟಿನ ನೀರಿನಲ್ಲಿ ಕಲಸಿ, ಕುಂಚದಿಂದ ಹಚ್ಚಿ, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಹೊಳಪು ಬರುವುದು ಈ ಉಜ್ಜುವಿಕೆಯಿಂದಲೇ.

ಹೆಸರಿನ ವಿಷಯದಲ್ಲಿ ಒಂದು ಮಾತು. ಪಾರಸೀ ಭಾಷೆಯ 'ಲಾಜವರ್ದ' ಎಂಬುದು ನೀಲಿಕಲ್ಲಿನ, ಅಂದರೆ ಸಂಸ್ಕೃತದ ರಾಜಾವರ್ತದ ಹೆಸರು. ಕಿನ್ನಾಳದ ಲಾಜವಾರವಾದರೋ ತವರ. ಅದರಲ್ಲಿ ನೀಲಿಯ ಸೋಂಕೂ ಇಲ್ಲ. ನಾದಸಾಮ್ಯವನ್ನು ನೆಚ್ಚಿ ದ್ರವ್ಯವನ್ನು ನಿರ್ಣಯಿಸುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚು. ಅಂಥವರಿಗೆ ಈ ಶಬ್ದ ಒಳ್ಳೆಯ ಎಚ್ಚರಿಕೆ.

ಉಜ್ಜುವ ಕೆಲಸವನ್ನು ಬರಿಯ ಮಾತಿನಲ್ಲಿ ತಿಳಿಯಲಾರದೆ ನಾವು ಒಂದು ಹಲಗೆಯ ತುಂಡಿನ ಮೇಲೆ ಪ್ರಯೋಗಿಸಿ ನೋಡಿದೆವು. ಬಿಳಿಯ ತಳಲೇಪದ ಮೇಲೆ ಅಂಟಿನಲ್ಲಿ ಕಲಸಿದ ತವರದ ಪುಡಿಯನ್ನು ಹಚ್ಚಿದಾಗ ಅದು ಒಲೆಯ ಬೂದಿಯಂತೆ ಕಂಡಿತು. ಲೋಹವೆಂಬ ಗುರುತೇ ಇಲ್ಲ. ಮೊದಲ ಸಲ ಅಂಟು ಹೆಚ್ಚಾಗಿತ್ತು: ಕಲ್ಲು ಅಂಟಿನ ಮೇಲೆ ಜಾರಿತೇ ಹೊರತು ಲೋಹವನ್ನು ಮುಟ್ಟಲಿಲ್ಲ. ಎರಡನೆಯ ಸಲ ಅಂಟು ಕಡಿಮೆಯಾಗಿ ಪುಡಿಯೆಲ್ಲ ಕಲ್ಲಿಗೇ ಬಂದಿತು. ಮೂರನೆಯ ಸಲ ಆತುರಪಟ್ಟು, ಲೇಪ ಪೂರ್ತಿ ಒಣಗುವ ಮೊದಲೇ ಉಜ್ಜಿ ಅದನ್ನು ಹರಿದೆವು. ನಾಲ್ಕನೆಯ ಸಲಕ್ಕೆ ಕಲ್ಲಿನ ಕೆಳಗೆ ಒಂದು ಗೆರೆ ಬೆಳಗಿತು. ಆಗ ನಮಗೆ ಅರ್ಥವಾದುದೇನೆಂದರೆ, ಉಜ್ಜುವುದೆಂದರೆ ಒರೆಸುವುದಲ್ಲ. ತವರ ಬಹು ಮೃದುವಾದ ಲೋಹ. ಕಲ್ಲಿನ ಒತ್ತಡಕ್ಕೆ ಅದರ ಕಣಗಳು ಚಪ್ಪಟೆಯಾಗಿ ಒಂದರ ಅಂಚು ಇನ್ನೊಂದನ್ನು ಮುಟ್ಟಿ ಹಾಸಿಕೊಳ್ಳುತ್ತವೆ. ಪುಡಿ ಹೋಗಿ ಹಾಳೆಯಾಗುತ್ತದೆ. ಹಳಗನ್ನಡದಲ್ಲಿ 'ಒಪ್ಪವಿಡು' ಎಂಬ ಮಾತಿದೆ. ಈ ಕೆಲಸಕ್ಕೆ ಅದಕ್ಕಿಂತ ತಕ್ಕ ಮಾತು ನಮಗೆ ತೋರಲಿಲ್ಲ.

ಆ ಹಲಗೆಯ ಮೇಲೆ ಅರಗಿನ ಮೆರುಗೆಣ್ಣೆಯಲ್ಲಿ ರೇವಲ್ಚಿನ್ನಿ ಹಾಲನ್ನು ಕರಗಿಸಿ ಹಚ್ಚಿದೆವು. ಒಂದು ಪದರಕ್ಕೆ ನಿಂಬೆಯ ಛಾಯೆ ಬಂದಿತು, ಎರಡಕ್ಕೆ ಹೊನ್ನು, ಮೂರಕ್ಕೆ ತಾಮ್ರದ ಕಡೆಗೆ ವಾಲಿತು. ಕೆಂಪನ್ನು ಹಚ್ಚಿದ ಮೂಲೆ ಮಾಣಿಕ್ಯದಂತೆ, ಹಸಿರನ್ನು ಹಚ್ಚಿದ ಮೂಲೆ ನವಿಲಿನ ಕೊರಳಿನಂತೆ ಕಂಡವು. ಬೊಂಬೆ ಚಿಕ್ಕದಾದಷ್ಟೂ ಪುಡಿ ನುಣ್ಣಗಿರಬೇಕೆಂಬುದೂ ಇದರಿಂದ ತಿಳಿಯಿತು. ಆಳೆತ್ತರದ ವಾಹನದ ಮೇಲೆ ದೂರದಿಂದ ಕಾಣದ ಒರಟು ಕಣವು ಅಂಗುಲದ ಕಿರೀಟದ ಮೇಲೆ ಮರಳಿನಂತೆ ಎದ್ದು ಕಾಣುತ್ತದೆ.

ಇನ್ನು ಗ್ರಂಥಗಳ ಕಡೆಗೆ ತಿರುಗೋಣ. ಸಾಮಾನ್ಯವಾಗಿ 5 ರಿಂದ 7ನೆಯ ಶತಮಾನದ ನಡುವಣದೆಂದು ಎಣಿಸಲಾಗುವ ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಬಣ್ಣದ ದ್ರವ್ಯಗಳನ್ನು ಎಣಿಸುವಾಗ ಚಿನ್ನ, ಬೆಳ್ಳಿ, ತಾಮ್ರಗಳ ಜೊತೆಗೆ ಅಭ್ರಕವನ್ನೂ ತ್ರಪುವನ್ನೂ, ಅಂದರೆ ತವರವನ್ನೂ ಹೇಳುತ್ತದೆ. ಲೋಹಗಳನ್ನು ಪತ್ರವಾಗಿ ಇಡಬಹುದು ಇಲ್ಲವೆ ದ್ರವವಾಗಿ ಮಾಡಿ ಹಚ್ಚಬಹುದು ಎಂಬ ವಿಭಾಗವನ್ನೂ ಅದು ಕೊಡುತ್ತದೆ. ಈ ವಿಭಾಗ ಮುಖ್ಯವಾದುದು. ಮೈಸೂರಿನ ಪಟಗಳಲ್ಲಿ ಕಾಣುವುದು ಪತ್ರದ ಮಾರ್ಗ. ಕಿನ್ನಾಳದ್ದು ದ್ರವದ ಮಾರ್ಗ.

ದ್ರವದ ಮಾರ್ಗದ ವಿವರ ನಮಗೆ ದೊರೆಯುವುದು ಕರ್ಣಾಟಕದ ಅರಮನೆಯಿಂದಲೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳಿಕೆ 1126-1138) ರಚಿಸಿದ ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂದೂ ಹೆಸರು. ಆ ಹೆಸರಿನಿಂದ ಅದರ ಮೊದಲ ಭಾಗ 1926ರಲ್ಲಿ ಆರ್. ಶಾಮಾಶಾಸ್ತ್ರಿಗಳ ಸಂಪಾದಕತ್ವದಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ಚಿತ್ರಪ್ರಕರಣದಲ್ಲಿ ಸೋಮೇಶ್ವರನು ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ವಜ್ರಲೇಪವೆಂಬ ಸರೇಸನ್ನು ಮಾಡುವ ಬಗೆಯನ್ನು ಹೇಳುತ್ತಾನೆ. ಚಿನ್ನದ ವಿಷಯ ಬಂದಾಗ, ತೆಳುವಾದ ಚಿನ್ನವನ್ನು ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ತೊಳೆತೊಳೆದು ಕಲ್ಮಷವನ್ನು ಕಳೆದು, ವಜ್ರಲೇಪದೊಡನೆ ಕೂಡಿಸಿ, ಚಿತ್ರದ ಒಡವೆಗಳಿಗೆ ಹಚ್ಚಬೇಕೆಂದೂ, ಒಣಗಿದ ಮೇಲೆ ಹಂದಿಯ ಕೋರೆಯಿಂದ ಮೆಲ್ಲಮೆಲ್ಲನೆ ತಿಕ್ಕಿ ಮಿಂಚಿನಂಥ ಕಾಂತಿಯನ್ನು ಬರಿಸಬೇಕೆಂದೂ ವಿಧಿಸುತ್ತಾನೆ.

ಇದನ್ನು ಕಿನ್ನಾಳದ ಕೆಲಸದೊಡನೆ ಹೋಲಿಸಿ ನೋಡಬೇಕು. ಲೋಹವನ್ನು ಪುಡಿಮಾಡುವುದು, ಅಂಟಿನಲ್ಲಿ ಕಲಸುವುದು, ಕುಂಚದಿಂದ ಒಡವೆಗಳ ಮೇಲೆ ಹಚ್ಚುವುದು, ಒಣಗಿದ ಬಳಿಕ ಗಟ್ಟಿಯಾದ ನುಣುಪು ವಸ್ತುವಿನಿಂದ ತಿಕ್ಕುವುದು: ನಾಲ್ಕು ಹೆಜ್ಜೆಗಳೂ ಅವೇ, ಅದೇ ಕ್ರಮದಲ್ಲಿ. ಚಿನ್ನದ ಜಾಗಕ್ಕೆ ತವರ ಬಂದಿದೆ, ಕೋರೆಯ ಜಾಗಕ್ಕೆ ಕಲ್ಲು ಬಂದಿದೆ, ಅಷ್ಟೆ. ಸೋಮೇಶ್ವರನ ಗ್ರಂಥವನ್ನು ಓದಿ ಚಿತ್ರಗಾರರು ಕಲಿತರೆಂದು ನಾವು ಹೇಳುವುದಿಲ್ಲ. ಅರಸನು ತನ್ನ ಕಾಲದ ಕಸುಬುದಾರರ ಕೈಯಿಂದಲೇ ಈ ವಿಧಿಯನ್ನು ಬರೆದುಕೊಂಡಿರಬೇಕೆಂಬುದು ಹೆಚ್ಚು ಸಂಭಾವ್ಯ. ನಾವು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಬೊಂಬೆಯ ಮೇಲಿನ ತವರದ ಹೊನ್ನನ್ನು ಚಿನ್ನದ ರೇಕಿನ ಕಳಪೆ ನಕಲೆಂದು ವರ್ಣಿಸುವುದು ಸರಿಯಲ್ಲ. ಅದು ರೇಕಿನ ಸಂತತಿಯೇ ಅಲ್ಲ. ಅರೆದ ಚಿನ್ನವನ್ನು ಒಪ್ಪವಿಡುವ ವಿಧಿಯ ಕುಲಕ್ಕೆ ಸೇರಿದ್ದು. ಚಿನ್ನಕ್ಕೆ ತನ್ನದೇ ಬಣ್ಣ ಇರುವುದರಿಂದ ಸೋಮೇಶ್ವರನ ಚಿತ್ರಕಾರನಿಗೆ ಐದನೆಯ ಹೆಜ್ಜೆ ಬೇಕಾಗಲಿಲ್ಲ. ತವರಕ್ಕೆ ಬಣ್ಣವಿಲ್ಲವಾದಕಾರಣ ಮೇಲಿನ ಪಾರದರ್ಶಕ ಲೇಪ ಹುಟ್ಟಿತು. ಹುಟ್ಟಿದ ಮೇಲೆ ಅದು ಹೊನ್ನಿಗಷ್ಟೇ ನಿಲ್ಲದೆ ಕೆಂಪು, ಹಸಿರು, ನೀಲಿ ಲೋಹಗಳನ್ನೂ ತಂದಿತು. ಚಿನ್ನದಿಂದ ಆಗದ ಕೆಲಸ ತವರದಿಂದ ಆಯಿತು.

ತವರವೇ ಏಕೆ? ಬೆಲೆ ಒಂದು ಕಾರಣ, ಅದೊಂದೇ ಅಲ್ಲ. ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ. ತವರದ ಮೇಲೆ ಕೂಡುವ ಪೊರೆಯಾದರೋ ಕಣ್ಣಿಗೆ ಕಾಣದಷ್ಟು ತೆಳುವು. ಹಿತ್ತಾಳೆಯ ಪಾತ್ರೆಗೆ ನವಸಾಗರ ಹಾಕಿ ಕಲಾಯಿ ಮಾಡಿಸುತ್ತಿದ್ದುದನ್ನು ಕಂಡವರಿಗೆ ಈ ಗುಣವನ್ನು ವಿವರಿಸಬೇಕಾಗಿಲ್ಲ. ಅದು 232 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುತ್ತದೆ. ಕರಗುವುದಕ್ಕೆ ಸ್ವಲ್ಪ ಕೆಳಗಿನ ಬಿಸಿಯಲ್ಲಿ ಬಿರುಸಾಗಿ, ಕುಟ್ಟಿದರೆ ಪುಡಿಯಾಗುತ್ತದೆ. ಇಷ್ಟು ಒದಗುವ ಲೋಹಕ್ಕೆ ಶಾಸ್ತ್ರಗಳಲ್ಲಿ ಮರ್ಯಾದೆ ಮಾತ್ರ ಕಡಿಮೆ. ರಸಶಾಸ್ತ್ರದವರು ಚಿನ್ನ, ಬೆಳ್ಳಿ ಮುಂತಾದವನ್ನು ಶುದ್ಧಲೋಹಗಳೆಂದು ಕರೆದು, ಸೀಸವನ್ನೂ ತವರವನ್ನೂ ಪೂತಿಲೋಹ, ಎಂದರೆ ದುರ್ಗಂಧದ ಲೋಹ, ಎಂಬ ಪಂಕ್ತಿಯಲ್ಲಿ ಕೂರಿಸಿದರು. ಆದರೂ ತವರ, ಪಾರದ, ಗಂಧಕ, ನವಸಾಗರಗಳನ್ನು ಕೂಡಿಸಿ ಪಾಕ ಮಾಡಿದರೆ ಚಿನ್ನದ ಬಣ್ಣದ ಹೊಳೆಯುವ ಹಕ್ಕಳೆಗಳು ಬರುತ್ತವೆಂಬುದನ್ನು ಕಂಡುಕೊಂಡವರೂ ಅವರೇ. ಆಯುರ್ವೇದದಲ್ಲಿ ಇದರ ಹೆಸರು ಸ್ವರ್ಣವಂಗ. ನಮ್ಮಲ್ಲಿ ಅದು ಔಷಧವೆಂದೇ ಹೆಸರಾಯಿತು. ಇಟಲಿಯ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರನು ಸುಮಾರು 1400ರಲ್ಲಿ ಬರೆದ ಕೈಪಿಡಿಯಲ್ಲಿ ಇದೇ ನಾಲ್ಕು ದ್ರವ್ಯಗಳ ಪಾಕವನ್ನು ಚಿನ್ನವನ್ನು ಹೋಲುವ ಬಣ್ಣವೆಂದು ಕೊಟ್ಟಿದ್ದಾನೆ. ಒಂದೇ ವಸ್ತು ಒಂದು ನಾಡಿನಲ್ಲಿ ವೈದ್ಯನ ಭರಣಿಗೂ ಮತ್ತೊಂದು ನಾಡಿನಲ್ಲಿ ಚಿತ್ರಕಾರನ ಚಿಪ್ಪಿಗೂ ಸೇರಿದುದು ವಿಚಿತ್ರವಲ್ಲವೆ?

ಯುರೋಪಿನ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತನ್ನು ಸೇರಿಸುತ್ತೇವೆ. 12ನೆಯ ಶತಮಾನದ ಮೊದಲ ಭಾಗದಲ್ಲಿ, ಸೋಮೇಶ್ವರನಿಗೆ ಹೆಚ್ಚುಕಡಮೆ ಸಮಕಾಲೀನನಾಗಿ, ಥಿಯೋಫಿಲಸ್ ಎಂಬ ಕ್ರೈಸ್ತ ಸಂನ್ಯಾಸಿ ಕಲೆಗಳನ್ನು ಕುರಿತು ಲ್ಯಾಟಿನ್ ಗ್ರಂಥವೊಂದನ್ನು ಬರೆದನು. ಚಿನ್ನವಿಲ್ಲದವನು ತವರದ ಹಾಳೆಗೆ ಮೆರುಗೆಣ್ಣೆಯನ್ನೂ ಕೇಸರಿಯ ಹಳದಿಯನ್ನೂ ಕೊಟ್ಟು ಚಿನ್ನದಂತೆ ಮಾಡಿಕೊಳ್ಳಬಹುದೆಂದು ಅವನು ಬರೆದಿದ್ದಾನೆ. ಒಪ್ಪವಿಟ್ಟ ತವರದ ಮೇಲೆ ಎಣ್ಣೆಯಲ್ಲಿ ಅರೆದ ಬಣ್ಣಗಳನ್ನು ತೆಳುವಾಗಿ ಹಚ್ಚುವ ಚಿತ್ರಣವನ್ನೂ ಅವನು ಬೇರೆಯಾಗಿ ವಿವರಿಸಿ, ಬೆಳಕು ತೂರುವ ಚಿತ್ರವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾನೆ. ಅಲ್ಲಿನದು ಪತ್ರದ ಮಾರ್ಗ, ಇಲ್ಲಿನದು ದ್ರವದ ಮಾರ್ಗ. ಮೇಲಿನ ಲೇಪದ ತತ್ತ್ವ ಒಂದೇ. ಒಬ್ಬರಿಂದ ಒಬ್ಬರು ಕಲಿತರೆಂದು ಊಹಿಸಬೇಕಾದ ಅಗತ್ಯ ನಮಗೆ ತೋರುವುದಿಲ್ಲ. ಚಿನ್ನದ ಅಭಾವ ಎಲ್ಲ ದೇಶಗಳಿಗೂ ಸಮಾನ.

ಭಾರತದಲ್ಲಿಯೇ ಇದಕ್ಕೆ ಇನ್ನೊಂದು ಸಮೀಪದ ನಿದರ್ಶನ ಗುಜರಾತಿನ ವಡೋದರದ ಬಳಿಯ ಸಂಖೇಡಾದಲ್ಲಿದೆ. ಅಲ್ಲಿನ ಖರಾದಿಗಳು, ಅಂದರೆ ಚರಕಿ ಹಿಡಿಯುವವರು, ತವರವನ್ನು ಸರೇಸಿನೊಡನೆ ಕುಟ್ಟಿದ ದ್ರವದಿಂದ ಮರದ ಕಾಲು ಕಂಬಗಳ ಮೇಲೆ ಕುಂಚದಲ್ಲಿ ಬಳ್ಳಿಗಳನ್ನು ಬರೆದು, ಅಕೀಕು ಕಲ್ಲಿನಿಂದ ಒಪ್ಪವಿಟ್ಟು, ಮೇಲೆ ಅರಗನ್ನು ಕೊಡುತ್ತಾರೆ. ಅರಗು ಬೀಳುವವರೆಗೆ ಬೆಳ್ಳಿಯಂತಿದ್ದ ಬಳ್ಳಿ ಬಿದ್ದೊಡನೆ ಹೊನ್ನಾಗುತ್ತದೆ. ನಮ್ಮ ಚನ್ನಪಟ್ಟಣದ ಬೊಂಬೆಗಳನ್ನು ಇದರೊಡನೆ ಬೆರೆಸಬಾರದು. ಅಲ್ಲಿಯೂ ಚರಕಿ, ಅಲ್ಲಿಯೂ ಅರಗು. ಆದರೆ ಕೆಳಗೆ ಲೋಹವಿಲ್ಲ, ಹಾಲೆಮರವಿದೆ. ಆ ಹೊಳಪು ಅರಗಿನದೇ.

ಈ ಕಸುಬಿಗೆ ಸ್ಪರ್ಧಿಯಾಗಿ ಬಂದುದು ಯಂತ್ರದ ಪುಡಿ. ಉಕ್ಕಿನ ತಯಾರಿಕೆಯ ಹೊಸ ಪ್ರಕ್ರಿಯೆಯನ್ನು 1856ರಲ್ಲಿ ಪ್ರಕಟಿಸಿ ಜಗತ್ಪ್ರಸಿದ್ಧನಾದ ಹೆನ್ರಿ ಬೆಸ್ಸೆಮರನ ಮೊದಲ ಸಂಪತ್ತು ಉಕ್ಕಿನಿಂದ ಬಂದುದಲ್ಲ, ಹೊನ್ನಿನ ಬಣ್ಣದಿಂದ ಬಂದುದು. ಸುಮಾರು 1840ರಲ್ಲಿ ಅವನು ತನ್ನ ಸೋದರಿಯ ಹೂಚಿತ್ರಗಳ ಸಂಪುಟದ ಮೇಲೆ ಹೊನ್ನಿನಕ್ಷರ ಬರೆಯಲು ಪುಡಿಯನ್ನು ಕೊಂಡನು. ಔನ್ಸಿಗೆ 7 ಷಿಲಿಂಗುಗಳೆಂದು ಕೇಳಿ ಬೆರಗಾದನು. ಆ ಪುಡಿ ಬರಿಯ ಹಿತ್ತಾಳೆ. ಜರ್ಮನಿಯಲ್ಲಿ ಕೈಯಿಂದ ಕುಟ್ಟಿ ಮಾಡಿದ್ದು. ಅದನ್ನು ಯಂತ್ರದಿಂದ ಮಾಡುವ ಬಗೆಯನ್ನು ಕಂಡುಹಿಡಿದು, ಪೇಟೆಂಟನ್ನೂ ಪಡೆಯದೆ, ಮನೆಯವರ ನೆರವಿನಿಂದ ಮೂರು ದಶಕಗಳಿಗೂ ಮಿಗಿಲಾಗಿ ಗುಟ್ಟಾಗಿಟ್ಟನು. ನಮ್ಮ ಚಿತ್ರಗಾರರ ಗುಟ್ಟನ್ನು ಆಕ್ಷೇಪಿಸುವವರು ಇದನ್ನು ನೆನೆಯಬೇಕು. 1886ರಲ್ಲಿ ಅಲ್ಯೂಮಿನಿಯಮ್ಮನ್ನು ವಿದ್ಯುತ್ತಿನಿಂದ ತಯಾರಿಸುವ ವಿಧಾನ ದೊರೆತ ಮೇಲೆ ಬೆಳ್ಳಿಬಣ್ಣವೂ ಅಗ್ಗವಾಯಿತು. ಕಲಸಿ ಹಚ್ಚಿದರೆ ಸಾಕು, ಉಜ್ಜಬೇಕಾಗಿಲ್ಲ. ಆದರೆ ಹಿತ್ತಾಳೆಯ ಪುಡಿಯಲ್ಲಿರುವುದು ತಾಮ್ರ ಮತ್ತು ಸತು; ಅಂಟಿನ ಹುಳಿಗೂ ಗಾಳಿಯ ತೇವಕ್ಕೂ ಅದು ಕೆಲವು ವರ್ಷಗಳಲ್ಲಿ ಕಂದಿ ಹಸಿರಾಗುತ್ತದೆ. ಹೊಸ ಬಣ್ಣ ಬಳಿದ ಹಳೆಯ ವಿಗ್ರಹಗಳು ಹಸಿರು ಕಂದಿನಿಂದ ಮಂಕಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ತವರದ ಕೆಲಸ ಅದರ ಪಕ್ಕದಲ್ಲಿ ಇನ್ನೂ ಹೊಳೆಯುತ್ತಿರುತ್ತದೆ.

ಇಂದು ಕಿನ್ನಾಳದಲ್ಲಿಯೂ ಸಿದ್ಧಬಣ್ಣಗಳ ಬಳಕೆ ಹೆಚ್ಚಾಗಿದೆ. ಅದನ್ನು ದೂರಲು ನಮಗೆ ಅಧಿಕಾರವಿಲ್ಲ. ಒಂದು ಒಡವೆಯನ್ನು ಒಪ್ಪವಿಡಲು ಹಿಡಿಯುವ ಹೊತ್ತಿಗೆ ಪೇಟೆ ಬೆಲೆ ಕೊಡುವುದಿಲ್ಲ. ಇದೇ ಹೊತ್ತಿನಲ್ಲಿ ಪರದೇಶಗಳಲ್ಲಿ ವಿಮಾನ, ಮೋಟಾರು, ಸೈನಿಕರ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸಿಗಳು, ಬಣ್ಣದ ಲೋಹದ ಕಾಂತಿ ಬೇಕಾದಾಗ ಕಪ್ಪು ತಳದ ಮೇಲೆ ಬೆಳ್ಳಿಬಣ್ಣವನ್ನು ಹಾಯಿಸಿ ಅದರ ಮೇಲೆ ಪಾರದರ್ಶಕ ಕೆಂಪನ್ನೋ ನೀಲಿಯನ್ನೋ ತೆಳುವಾಗಿ ಪದರಪದರವಾಗಿ ಹಚ್ಚುತ್ತಾರೆ. ಚಿತ್ರಸೂತ್ರವು ಎಣಿಸಿದ ಅಭ್ರಕವೂ ಇಂದು ಮುತ್ತಿನ ಹೊಳಪಿನ ಬಣ್ಣಗಳಲ್ಲಿ ಸೇರಿದೆ. ಉಪಕರಣಗಳು ಹೊಸವು, ಪದರಗಳ ಅನುಕ್ರಮ ನಾವು ಮೇಲೆ ವಿವರಿಸಿದುದೇ.

ಕೊನೆಗೆ, ಹಳೆಯ ಬೊಂಬೆಗಳನ್ನು ಪರಿಶೀಲಿಸುವ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಒಂದೆರಡು ವಿಷಯಗಳು. ಒಡವೆಯ ಮುಕ್ಕಾದ ಅಂಚನ್ನು ಭೂತಗನ್ನಡಿಯಿಂದ ನೋಡಬೇಕು. ಕೆಳಗೆ ಬಿಳಿ, ನಡುವೆ ಬೂದು ಗೆರೆ, ಮೇಲೆ ಹಳದಿ ಕಂಡರೆ ಅದು ತವರದ ಹೊನ್ನು, ಹಳದಿಯನ್ನು ಮುಟ್ಟಬಾರದು. ಕ್ಷಕಿರಣ ಪ್ರತಿದೀಪ್ತಿಯ ಯಂತ್ರವಿದ್ದರೆ ಬೊಂಬೆಯನ್ನು ಕೆರೆಯದೆಯೇ ಲೋಹ ಯಾವುದೆಂದು ತಿಳಿಯಬಹುದು. ಆದರೆ ಯಂತ್ರವು ತವರವೆಂದು ಹೇಳಿದ ಮಾತ್ರಕ್ಕೆ ಬೊಂಬೆ ಬೆಳ್ಳಿಬಣ್ಣದ್ದಾಗಿತ್ತೆಂದು ಪಟ್ಟಿಯಲ್ಲಿ ಬರೆಯಬಾರದು. ಯಂತ್ರ ಲೋಹವನ್ನು ಹೇಳುತ್ತದೆ. ಅರಗನ್ನೂ ಬಣ್ಣದ ರಸವನ್ನೂ ಹೇಳುವುದಿಲ್ಲ. ಸ್ಪಿರಿಟ್ಟು ಅರಗನ್ನು ಕರಗಿಸುತ್ತದೆ, ಕೆಳಗಿನ ಅಂಟನ್ನು ಕರಗಿಸುವುದಿಲ್ಲ. ಆದಕಾರಣವೇ ಒರೆಸಿದ ಬೊಂಬೆ ಅಷ್ಟು ಅಚ್ಚುಕಟ್ಟಾದ ಬೆಳ್ಳಿಯಂತೆ ಕಂಡು ನೋಡಿದವರನ್ನು ವಂಚಿಸುತ್ತದೆ.

ನಮ್ಮ ಪರಿಚಿತರ ಬೊಂಬೆಯ ಕಿರೀಟದ ಹಿಂಬದಿಯಲ್ಲಿ, ಹತ್ತಿ ತಲುಪದ ಒಂದು ಸಂದಿನಲ್ಲಿ, ಉಗುರಿನಗಲದಷ್ಟು ಹಳದಿ ಇನ್ನೂ ಉಳಿದಿದೆ. ಹೊಸದಾಗಿ ಮೆರುಗೆಣ್ಣೆ ಹಚ್ಚಿಕೊಡುವಿರಾ ಎಂದು ಅವರು ಕೇಳಿದರು. ನಾವು ಒಪ್ಪಲಿಲ್ಲ, ಆ ಉಗುರಿನಗಲವನ್ನು ಮಾತ್ರ ಯಾರೂ ಒರೆಸದಂತೆ ನೋಡಿಕೊಳ್ಳಬೇಕೆಂದು ಕೇಳಿಕೊಂಡು ಬಂದೆವು.